ನಾಲ್ಕನೆಯ ಬಿರಡೆ

ಬಡಗಿ ತನ್ನ ಹೆಂಡತಿಯ ಬೇಸ್ ಗಿಟಾರನ್ನು ಕೆಲಸದ ಮೇಜಿನ ಮೇಲೆ ಅಂಗಾತ ಮಲಗಿಸಿ, ಅದರ ತಲೆಯ ಕೆಳಗೆ ಗೋಣಿಚೀಲ ಮಡಿಸಿಟ್ಟ. ದಪ್ಪ ತಂತಿಗಳನ್ನು ಬಿಚ್ಚಿದ. ತಂತಿ ಬಿಗಿಯುವ ನಾಲ್ಕು ಹಳೆಯ ಬಿರಡೆಗಳ ಸ್ಕ್ರೂ ಕಳಚಿ, ಒಂದನ್ನು ಅಂಗೈಯಲ್ಲಿ ತೂಗಿ ನೋಡಿದ.

"ಅಬ್ಬಬ್ಬಾ! ಇದೇನೇ ಇದು, ಕೋಟೆ ಬಾಗಿಲ ಚಿಲಕ ಇದ್ದಂಗಿದೆ."

"ಮತ್ತೆ? ಇಪ್ಪತ್ತು ವರ್ಷ ಅದನ್ನ ಎತ್ತಿ ಹಿಡಿದಿದ್ದು ಈ ಎಡಗೈ. ಕೆಡದೆ ಇನ್ನೇನಾಗತ್ತೆ?" ಎಂದಳು ಹೆಂಡತಿ. ಅಡುಗೆಮನೆಯಿಂದ ತಕ್ಕಡಿ ತಂದು ತೂಗಿಯೇಬಿಟ್ಟಳು. ಹಳೆಯವು ನಾಲ್ಕೂ ಸೇರಿ ನಾನೂರ ನಲವತ್ತು ಗ್ರಾಂ. ತಾನೇ ತರಿಸಿಕೊಂಡಿದ್ದ ಡಬ್ಬಿ ಒಡೆದು ಹೊಸವನ್ನು ಇಟ್ಟಳು. ಇನ್ನೂರ ಮೂವತ್ತು. "ನೋಡಿದ್ರಾ? ಅರ್ಧಕ್ಕರ್ಧ!"

ಪಟ್ಟಿ ಹೆಗಲಿಗೆ ಹಾಕಿಕೊಂಡು ನಿಂತರೆ ಆ ಗಿಟಾರಿನ ತಲೆ ನೆಲದ ಕಡೆ ವಾಲುತ್ತಿತ್ತು. ನುಡಿಸುವ ಕೈಯೇ ಅದನ್ನು ಹೊರಬೇಕಿತ್ತು. ಮಣಿಕಟ್ಟಿನ ಆಪರೇಷನ್ ಆದ ಮೇಲೆ ಡಾಕ್ಟರು ಎಡಗೈಗೆ ಭಾರ ಕೂಡದು ಎಂದಿದ್ದರು. ಎಂಟು ತಿಂಗಳಿಂದ ಅವಳು ಬ್ಯಾಂಡ್ ಬಿಟ್ಟು ಮನೆಯಲ್ಲಿದ್ದಳು. ಇವತ್ತು ಐದಕ್ಕೆ ತಾಲೀಮು. ಬಂದರೆ ಬರಲಿ, ಇಲ್ಲದಿದ್ದರೆ ಬೇರೆಯವರನ್ನು ಗೊತ್ತುಮಾಡುತ್ತೇವೆ ಎಂದು ಬ್ಯಾಂಡಿನ ಯಜಮಾನ ಹೇಳಿಕಳಿಸಿದ್ದ.

ಬಡಗಿಗೆ ಈ ಎಂಟು ತಿಂಗಳು ಹಿತವಾಗಿ ಕಳೆದಿದ್ದವು. ಶನಿವಾರ ಭಾನುವಾರ ಒಬ್ಬನೇ ತಟ್ಟೆ ಹಾಕಿಕೊಂಡು ಕೂರುವುದು ತಪ್ಪಿತ್ತು. ಅವನು ಮರ ಉಜ್ಜುತ್ತಿದ್ದರೆ ಅವಳು ಮೆಟ್ಟಿಲ ಮೇಲೆ ಕೂತು ಊರ ಸುದ್ದಿಯೆಲ್ಲ ಹೇಳುವಳು. ಅದರಲ್ಲಿ ಅರ್ಧ ಸುಳ್ಳು, ಆದರೂ ಕೇಳಲು ಚೆನ್ನಾಗಿರುತ್ತಿತ್ತು. ಇದನ್ನೆಲ್ಲ ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿ ರೂಢಿಯೂ ಇರಲಿಲ್ಲ.

ಹೊಸ ಬಿರಡೆಗೆ ಹಳೆಯ ತೂತು ಒಂದು ನೂಲಿನಷ್ಟು ಚಿಕ್ಕದಾಗಿತ್ತು. ದುಂಡನೆಯ ಅರ ಹಿಡಿದು ನಿಧಾನವಾಗಿ ಉಜ್ಜಿ ಅಗಲ ಮಾಡಿ, ಅದರೊಳಗೆ ಲೋಹದ ಬಳೆ ಕೂರಿಸಬೇಕು. ಹೆಂಡತಿ ಡಬ್ಬಿಯೊಳಗಿನ ಚೀಟಿ ಬಿಡಿಸಿದಳು.

"ಬಳೆಯನ್ನ ಒತ್ತಿ ಕೂರಿಸಬೇಕಂತೆ. ಸುತ್ತಿಗೇಲಿ ಬಡೀಬಾರದಂತೆ, ಮರ ಸೀಳತ್ತಂತೆ."

"ಅಂತೆ! ಮೂವತ್ತು ವರ್ಷ ನೇಗಿಲು ಮಾಡಿದವನಿಗೆ ಚೀಟಿ ಓದಿ ಹೇಳ್ತಾಳೆ."

"ನೇಗಿಲು ಶ್ರುತಿ ತಪ್ಪಿದ್ರೆ ಎತ್ತು ಎದ್ದು ಮನೆಗೆ ಹೋಗಲ್ಲ ಕಣ್ರೀ. ನಮ್ಮ ಜನ ಹೋಗ್ತಾರೆ."

ಬಡಗಿ ನಕ್ಕ. ಮರದ ಚಕ್ಕೆ ಅಡ್ಡ ಇಟ್ಟು, ಕ್ಲ್ಯಾಂಪಿನ ಹಿಡಿಯನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸುತ್ತ ಮೂರು ಬಳೆ ಕೂರಿಸಿದ. ನಾಲ್ಕನೆಯದಕ್ಕೆ ಬಂದಾಗ ಕೈ ನಿಂತಿತು. ಅದು ತಲೆಯ ತುದಿಯ ತೂತು. ಅಲ್ಲಿ ಮರ ತೆಳು. ತೂತಿನ ಬಾಯಿಂದ ಅಂಚಿನ ಕಡೆಗೆ ಕೂದಲೆಳೆಯಂಥ ಒಂದು ಸೀಳು ಓಡಿತ್ತು.

"ಇಲ್ಲಿ ನೋಡು. ಇದು ಮೊದಲಿಂದಲೂ ಇದೆ."

ಅವಳು ಬಗ್ಗಿ ನೋಡಿದಳು. "ತಡೆಯತ್ತಾ?"

"ಹೆಂಗೆ ಹೇಳೋದು? ತಡೆದ್ರೆ ತಡೀತು."

"ಸರಿ, ನೀವೇ ನೋಡ್ಕೊಳ್ಳಿ. ಬಟ್ಟೆ ಒಣಗಿರತ್ತೆ, ತಗೊಂಡು ಬರ್ತೀನಿ" ಎಂದು ಎದ್ದು ಹಿತ್ತಿಲಿಗೆ ಹೋದಳು.

ಸುತ್ತಿಗೆ ಕೈಗೆಟಕುವಲ್ಲೇ ಇತ್ತು. ಎರಡು ಏಟು ಸಾಕು. ಸೀಳನ್ನು ಅವಳೇ ಕಣ್ಣಾರೆ ಕಂಡಿದ್ದಾಳೆ; ಮರ ತಡೆಯಲಿಲ್ಲ ಎಂದರೆ ಮುಗಿಯಿತು. ನಾಲ್ಕು ದಿನ ಮುಖ ಊದಿಸಿಕೊಂಡು ಓಡಾಡುತ್ತಾಳೆ, ಆಮೇಲೆ ತಾನಾಗಿಯೇ ಮೆಟ್ಟಿಲ ಮೇಲೆ ಬಂದು ಕೂರುತ್ತಾಳೆ. ಬಡಗಿ ಸುತ್ತಿಗೆ ಎತ್ತಿಕೊಂಡ. ಬಳೆಯನ್ನು ತೂತಿನ ಬಾಯಿಗೆ ಇಟ್ಟ. ಇಟ್ಟು, ಹೆಬ್ಬೆರಳಿನಿಂದ ಸೀಳನ್ನು ಒಮ್ಮೆ ಸವರಿದ. ಇಷ್ಟು ವರ್ಷದಲ್ಲಿ ಅವನು ಬೇಕೆಂದೇ ಸೀಳಿದ ಮರವೆಂದರೆ ಒಲೆಯ ಸೌದೆ ಒಂದೇ. ಆಮೇಲೆ ಸುತ್ತಿಗೆಯನ್ನು ಮೇಜಿನ ಕೆಳಗೆ, ಕಾಲಿಗೂ ಸಿಗದಷ್ಟು ದೂರ ತಳ್ಳಿದ.

ಸೀಳಿನೊಳಗೆ ತೆಳು ಅಂಟು ಇಳಿಸಿ, ಪಕ್ಕದಿಂದ ಅಮುಕಿ ಹಿಡಿದ. ಅದು ಕಚ್ಚಿಕೊಂಡ ಮೇಲೆ ಮತ್ತೆ ಅರ ತೆಗೆದುಕೊಂಡ. ಉಳಿದ ಮೂರಕ್ಕಿಂತ ಈ ತೂತನ್ನು ಇನ್ನೊಂದಿಷ್ಟು ಸಡಿಲ ಮಾಡಿದ. ಬಳೆ ಹೆಬ್ಬೆರಳಿನ ಒತ್ತಿಗೇ ಒಳಗೆ ಹೋಗಿ ಕೂತಿತು. ಮರ ಚಿಟಕ್ಕೆನ್ನಲಿಲ್ಲ.

ಅವಳು ಬಟ್ಟೆಯ ರಾಶಿ ಹೊತ್ತು ಬರುವ ಹೊತ್ತಿಗೆ ಬಿರಡೆ ನಾಲ್ಕೂ ಕೂತಿದ್ದವು. ಬಟ್ಟೆಯನ್ನು ಅಲ್ಲೇ ಕುರ್ಚಿಯ ಮೇಲೆ ಎಸೆದು ತಂತಿ ಏರಿಸಿದಳು, ಕಿವಿಯಿಟ್ಟು ಕೇಳುತ್ತ ಒಂದೊಂದನ್ನೇ ಬಿಗಿದಳು. ಪಟ್ಟಿ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ನಿಂತಳು. ಎಡಗೈಯನ್ನು ಮೆಲ್ಲಗೆ ಸರಿಸಿದಳು. ಗಿಟಾರಿನ ತಲೆ ಒಂದು ಬೆರಳಿನಷ್ಟು ಕೆಳಗಿಳಿದು, ತೂಗಿ, ನಿಂತಿತು.

"ನಿಂತ್ಕೊಳ್ತಲ್ಲೇ!" ಎಂದ ಬಡಗಿ. ಅವನ ದನಿಯೇ ಅವನಿಗೆ ಜೋರಾಗಿ ಕೇಳಿಸಿತು.

ಅವಳು ಗಿಟಾರನ್ನು ಚೀಲಕ್ಕೆ ತುಂಬಿ ಜಿಪ್ ಎಳೆದಳು. "ಒಡೆದುಹಾಕ್ತೀರ ಅಂದ್ಕೊಂಡಿದ್ದೆ" ಎಂದಳು.

"ಹಂಗಂದ್ಕೊಂಡು ನನ್ನ ಕೈಗ್ಯಾಕೆ ಕೊಟ್ಟೆ? ಅಂಗಡಿ ಇರಲಿಲ್ವಾ?"

"ನೀವು ಒಡೆದಿದ್ರೆ ನಾನು ಇನ್ನು ಬ್ಯಾಂಡಿನ ಮಾತೇ ಎತ್ತಬಾರದು ಅಂತಿದ್ದೆ. ಅದಕ್ಕೇ ನಿಮ್ಮ ಕೈಗೇ ಕೊಟ್ಟೆ."

ಅವಳು ಚೀಲವನ್ನು ಬೆನ್ನಿಗೇರಿಸಿ, ಬರ್ತೀನಿ ಎಂದು ಬೀದಿಗೆ ಇಳಿದಳು. ಅವನು ಬಾಗಿಲಿಗೆ ಬಂದು ನಿಂತ. ಅವಳು ಎರಡೂ ಕೈ ಬೀಸುತ್ತ, ಹುಡುಗಿಯ ಹಾಗೆ ಬಿರಬಿರನೆ ತಿರುವು ದಾಟಿದಳು. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.