ಬಾಯಲ್ಲಿ ಹೊತ್ತ ಮರಿಗಳು

"ಬಿಡೋ ಅದನ್ನ, ನಿನ್ನ ಕೈ ಸೇದಿಹೋಗ. ಮರಿಗಳ ಹೊಟ್ಟೆಗಂಟಿದ ಮೊಟ್ಟೆಯ ಹಳದಿ ಇನ್ನೂ ಕರಗಿಲ್ಲ," ಎಂದು ಅಕ್ಕ ಕೂಗಿದಳು.

"ನೀನೇನು ಮೀನಿನ ಸೂಲಗಿತ್ತಿನಾ? ಮರಿ ಕೊಳ್ಳೋಕೆ ಬಂದ ಅಂಗಡಿಯವನು ಹೊರಗೆ ಕಾಯ್ತಾ ಇದ್ದಾನೆ," ಎಂದ ತಮ್ಮ. ಅವಳು ವರ್ಷಗಟ್ಟಲೆ ಸಾಕಿದ ಆ ಸಿಕ್ಲಿಡ್ ಮೀನು ಇದೇ ಮೊದಲ ಸಲ ತಾಯಿಯಾಗಿತ್ತು. ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು, ಮೇವು ಮುಟ್ಟದೆ ತೇಲುತ್ತಿತ್ತು. ತಮ್ಮ ಅದನ್ನು ಒದ್ದೆ ಅಂಗೈಯಲ್ಲಿ ಹಿಡಿದು, ನೀರಿದ್ದ ಬೋಗುಣಿಯ ಮೇಲೆ ಹೆಬ್ಬೆರಳಿನಿಂದ ಅದರ ಬಾಯಿ ಬಿಡಿಸಿದ.

ಮರಿಗಳು ಈಜಲಿಲ್ಲ. ಹೊಟ್ಟೆಗಂಟಿದ ಹಳದಿ ಹನಿಗಳ ಭಾರಕ್ಕೆ, ಬೆಳಕಿನ ಕಾಳುಗಳಂತೆ ಮೆಲ್ಲಗೆ ತಳಕ್ಕಿಳಿದವು. ಗಾಜಿನ ತೊಟ್ಟಿಗಳ ಹಸಿರು ಬೆಳಕಿನಲ್ಲಿ ಇಡೀ ಕೋಣೆಯೇ ಅವುಗಳ ಜೊತೆ ಮುಳುಗುತ್ತಿರುವಂತಿತ್ತು. ಕೈಜಾರಿ ಬೋಗುಣಿಗೆ ಬಿದ್ದ ತಾಯಿ ಒಂದೊಂದೇ ಮರಿಯನ್ನು ಬಾಯಿಗೆ ಹೆಕ್ಕಿಕೊಳ್ಳತೊಡಗಿತು.

"ನೋಡು, ಎತ್ಕೊಳ್ತಾ ಇದೆ. ಏನೂ ಆಗಿಲ್ಲ," ಎಂದ ತಮ್ಮ.

ತಾಯಿಯ ಗಂಟಲು ಅಲುಗಿತು. ಅದು ಮರಿಗಳನ್ನು ನುಂಗುತ್ತಿತ್ತು.

ಅಕ್ಕ ಬೈಯುತ್ತಾಳೆಂದು ಅವನು ತಲೆ ತಗ್ಗಿಸಿ ಕಾದ. ಅವಳು ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ನಡೆದಳು. ಅವಳು ದಿನಾ ಮೇವು ಹಾಕುವ ಹೊತ್ತಾಯಿತು. ತೊಟ್ಟಿಗಳಲ್ಲಿದ್ದ ಮೀನುಗಳೆಲ್ಲ ಗಾಜಿಗೆ ಮೂತಿ ಹಚ್ಚಿ ಬಾಗಿಲ ಕಡೆ ನೋಡುತ್ತ ನಿಂತವು. ಅಕ್ಕ ಆ ಕೋಣೆಗೆ ಮತ್ತೆ ಬರಲಿಲ್ಲ.