ಮಾರಾಟಕ್ಕಿಲ್ಲದ ಹಾರ್ಮೋನಿಯಂ

ಮೂಲೆಯಲ್ಲಿದ್ದ ಹಾರ್ಮೋನಿಯಂ ಮೇಲಿನ ಬಟ್ಟೆ ಎಳೆದವನೇ ಸಿದ್ದರಾಮು ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದ.

ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಮದ್ದೂರಿನ ನಜೀರ್ ಅಹ್ಮದನ ಅಂಗಡಿಯಲ್ಲಿ ಅರ್ಧ ಗಂಟೆಯಿಂದ ಹೊಸದೋ ಹಳೇದೋ ಅನ್ನುವ ಮಾತು ನಡೆದಿತ್ತು. ಮುಂದಿನ ವಾರ ಊರಲ್ಲಿ ನಾಟಕ. ಹಾರ್ಮೋನಿಯಂ ಇಲ್ಲದೆ ಪರದೆ ಏಳುವ ಹಾಗಿಲ್ಲ.

"ಯುದ್ಧ ಸುರುವಾದಾಗಿಂದ ಜರ್ಮನ್ ರೀಡು ಬರೋದು ನಿಂತೋಯ್ತು ಕಣಪ್ಪ," ನಜೀರ್ ಹೇಳಿದ್ದ. "ಈಗಿನ ಹೊಸದು ಮದುವೆ ಗಂಡಿದ್ದಂಗೆ, ನೋಡಕ್ಕೆ ಚೆಂದ. ಬಾಯಿ ಬುಟ್ರೆ ಆಡು ಅರಚ್ದಂಗೆ. ಹಳೇದೇ ತಕೋ."

"ಆ ಮೂಲೇದು?"

"ಅದು ಮಾರೋದಲ್ಲ."

ಬೇಡ ಅಂದದ್ದನ್ನೇ ಮುಟ್ಟುವುದು ಸಿದ್ದರಾಮುವಿನ ಹುಟ್ಟುಗುಣ. ಎದ್ದು ಹೋಗಿ ಬಟ್ಟೆ ಎಳೆದಿದ್ದ.

ಬಲಗಡೆ ಬೀಡಿ ಸುಟ್ಟ ಕಲೆ. ಬೆರಳೊತ್ತುವ ಮೂರನೇ ಬಿಳಿ ಮನೆ ಒಡೆದುಹೋದ ಜಾಗದಲ್ಲಿ ಎಮ್ಮೆಕೊಂಬಿನ ಚೂರು. ಅಪ್ಪ ಕೈಯಾರೆ ಕೂರಿಸಿದ್ದು. ಅಪ್ಪ ತೀರಿಕೊಂಡ ಮೇಲೆ ಅದು ಅಣ್ಣ ಚೌಡಯ್ಯನ ಪಾಲಾಯಿತು. ಅಣ್ಣ ನಾಟಕದ ಮೇಷ್ಟ್ರಾದ. ಸಿದ್ದರಾಮು ಪಕ್ಕದಲ್ಲಿ ಕೂತು ತಾಳ ಕುಟ್ಟಿದ. ಒಂದು ಸಲ ಆಸೆಗೆ ಮನೆ ಒತ್ತಿದ್ದಕ್ಕೆ, ಎಲ್ಲರ ಎದುರು ಬೆರಳ ಮೇಲೆ ಅಣ್ಣ ಅದೇ ತಾಳದಿಂದ ಕೊಟ್ಟ ಏಟಿನ ಗಾಯ ಇನ್ನೂ ಇತ್ತು.

ಆ ಅಣ್ಣ ಸತ್ತು ಇಪ್ಪತ್ತೆರಡು ದಿನ. ಮದ್ದೂರಿಂದ ತಮ್ಮೂರು ಗೆಜ್ಜಲಗೆರೆಗೆ ಬರುವ ನಾಲೆ ಏರಿಯ ಮೇಲೆ ತಲೆ ಒಡೆದು ಬಿದ್ದಿದ್ದ. ಹಾರ್ಮೋನಿಯಂ ನಾಪತ್ತೆ. ಅದರ ಆಸೆಗೆ ಯಾವನೋ ಕಳ್ಳ ಹೊಡೆದ ಅಂತ ಊರೆಲ್ಲ ಅಂದಿತು. ಆವತ್ತಿಂದ ಸಿದ್ದರಾಮು ಆ ಏರಿ ತುಳಿದಿಲ್ಲ. ಇವತ್ತೂ ರೈಲು ಹಳಿ ಹಿಡಿದು ಬಳಸಿಕೊಂಡು ಬಂದಿದ್ದ.

"ಯಾವೂರಪ್ಪ ನಿಂದು?" ನಜೀರ್ ಕೇಳಿದ.

"ಹಲಗೂರು," ಅಂದ ಸಿದ್ದರಾಮು.

ಬಗ್ಗಿ ತಿದಿ ಬಿಡಿಸಿ, ಒಳಗೆ ಮೂಗಿಟ್ಟು ಮೂಸಿದ. ಹಳೇ ತೊಗಲು, ಸರೇಸಿನ ಅಂಟಿನ ವಾಸನೆ. ಅಷ್ಟೇ. ಮೊಳೆಯ ತಲೆಗಳನ್ನು ಹೆಬ್ಬೆರಳಿಂದ ಉಜ್ಜಿ ನೋಡಿದ. ತುಕ್ಕಿಲ್ಲ.

"ಇದು ಎಲ್ಲಿ ಸಿಕ್ತು?"

"ಸಿಗಾದೇನು? ಅಂಗ್ಡೀಗೆ ಬಂತು."

"ಯಾರು ತಂದ್ರು?"

"ಹಲಗೂರಿನವನಿಗೆ ಅದ್ಯಾಕಪ್ಪ?"

ನಜೀರನ ಮಾತು ಮುಗಿಯುವ ಮೊದಲೇ ಸಿದ್ದರಾಮು ಅವನ ಗಂಟಲಿಗೆ ಕೈ ಹಾಕಿ, ಮುಖವನ್ನು ಕೆಲಸದ ಹಲಗೆಗೆ ಅಪ್ಪಳಿಸಿದ. ಒಂದು ಹಲ್ಲು ರೀಡುಗಳ ನಡುವೆ ಉರುಳಿತು. ಹೊಸ ಹಾರ್ಮೋನಿಯಂ ಎತ್ತಿ ಗೋಡೆಗೆ ಬೀಸಿದ. ಅದು ಒಂದೇ ಸಲ ಎಲ್ಲ ದನಿಯಲ್ಲೂ ಕಿರುಚಿ ಚೂರಾಯಿತು.

"ಯಾರ್ಲಾ ತಂದೋನು? ಹೇಳ್ಲಾ!"

ನಜೀರ್ ರಕ್ತ ಉಗಿದು ತಲೆಯಾಡಿಸಿದ. ಸಿದ್ದರಾಮು ಹಲಗೆಯ ಮೇಲಿದ್ದ ಉಳಿ ಕಿತ್ತುಕೊಂಡು ಅವನ ಬಲಗೈ ಮೇಲೆ ಇಳಿಸಿದ. ಉಳಿ ಅಂಗೈ ದಾಟಿ ಮರಕ್ಕೆ ನಾಟಿತು.

ಕೂಗು ಕೇಳಿ ಒಳಗಿಂದ ನಜೀರನ ತಾಯಿ ಜೈನಾಬ್ ಬೀ ಓಡಿಬಂದಳು. ಮುದುಕಿ ಸಿದ್ದರಾಮುವಿನ ತೋಳಿಗೆ ಜೋತುಬಿದ್ದಳು.

"ಬುಡೋ ಪಾಪಿ! ಆ ಕೈಯಲ್ಲೇ ನಮ್ಮನೆ ಅನ್ನ ಐತೆ ಕಣೋ!"

"ಹೆಸ್ರು ಹೇಳ್ಸು ಮುದ್ಕಿ. ಇಲ್ಲ ಇನ್ನೊಂದು ಕೈಯೂ ಓಯ್ತದೆ."

ನಜೀರ್ ಉಸಿರು ಬಿಗಿಹಿಡಿದು ಹೇಳಿದ: "ಚೌಡಯ್ಯ. ನಾಟಕದ ಚೌಡಯ್ಯ. ಸಾಯೋ ದಿನ ಮಧ್ಯಾಹ್ನ ಅವನೇ ತಂದು ಮಡಗಿದ್ದು."

"ಸುಳ್ಳು! ಆವತ್ತು ಸಂಜೆ ಕಂಬಳಿ ಗಂಟು ಅವನ ತಲೆ ಮೇಲೇ ಇತ್ತು!"

ಜೈನಾಬ್ ಬೀ ಅವನ ತೋಳು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಅವನ ಮುಖ ನೋಡಿದಳು. ಆಮೇಲೆ ಮಗನ ಕೈಯಿಂದ ಉಳಿ ಕಿತ್ತು, ಸೆರಗು ಹರಿದು ಸುತ್ತುತ್ತ, ಸಿದ್ದರಾಮುವಿನ ಕಡೆ ತಿರುಗದೆ ಮಾತಾಡಿದಳು.

"ಗಂಟು ಇತ್ತು ಮಗಾ. ನಾನೇ ಕಟ್ಟಿಕೊಟ್ಟೆ. ಅದ್ರಲ್ಲಿದ್ದದ್ದು ಹೊಸಾದು. ಹಳೇದರ ತಿದಿ ಹರಿದಿತ್ತು, ರಿಪೇರಿಗೆ ಬುಟ್ಟೋದ."

"ಚೌಡಯ್ಯಂಗೆ ನಾನೂ ಹೇಳ್ದೆ," ಅಂದ ನಜೀರ್. "ಜರ್ಮನ್ ರೀಡು ಬುಟ್ಟು ತಗಡು ಒಯ್ತೀಯಲ್ಲೋ ಅಂತ. ನಕ್ಕ. ಸತ್ತ ಸುದ್ದಿ ಬಂತು. ಪೋಲೀಸ್ರಿಗೆ ಹೇಳಿದ್ರೆ ಸಾಬಿನೇ ಕದ್ದೋನು ಅಂತಾರೆ ಅಂತ ಸುಮ್ಕಿದ್ದೆ. ವಾರಸುದಾರ ಬರ್ಲಿ ಅಂತ ಕಾಯ್ತಿದ್ದೆ."

"ವಾರಸುದಾರ ಯಾರು?" ಸಿದ್ದರಾಮು ಕೇಳಿದ.

ರಿಪೇರಿಗೆ ಬಂದ ಪ್ರತಿ ಹಾರ್ಮೋನಿಯಮ್ಮಿಗೂ ರೀಡು ಹಲಗೆಯ ತಳದಲ್ಲಿ ಧಣಿಯ ಹೆಸರು ಬರೆಯುವುದು ನಜೀರನ ಅಪ್ಪನ ಕಾಲದ ಪದ್ಧತಿ. ನಜೀರ್ ಎಡಗೈಯಲ್ಲಿ ಮುಚ್ಚಳ ತೆಗೆದು, ಹಲಗೆ ಎತ್ತಿ ಬೆಳಕಿಗೆ ಹಿಡಿದ. ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಆ ಪೆನ್ಸಿಲ್ ಅಕ್ಷರಗಳನ್ನು ಓದಲು ಸಿದ್ದರಾಮುವಿಗೆ ಹೊತ್ತು ಹಿಡಿಯಲಿಲ್ಲ.

ಸಿದ್ದರಾಮು, ಗೆಜ್ಜಲಗೆರೆ.

"ತಮ್ಮನ ಬೆರಳು ನನ್ನ ಬೆರಳಿಗಿಂತ ಚುರುಕು, ಒಳ್ಳೇದು ಅವನಿಗಿರ್ಲಿ, ಒಂದಿನ ಅದೇ ಬೆರಳಿಗೆ ಹೊಡ್ದುಬುಟ್ಟಿದ್ದೆ, ನನಗೆ ಈ ಹೊಸಾದು ಸಾಕು ಅಂದ," ನಜೀರ್ ಹೇಳಿದ.

ಆವತ್ತು ಸಂಜೆ, ತಾನು ಅಣ್ಣನ ತಲೆ ಒಡೆದ ಅದೇ ಕಲ್ಲನ್ನು ಕಟ್ಟಿ, ಗಂಟು ಬಿಚ್ಚಿಯೂ ನೋಡದೆ, ಸಿದ್ದರಾಮು ನಾಲೆಯಲ್ಲಿ ಮುಳುಗಿಸಿದ್ದು ಆ ಹೊಸದನ್ನು.