ಒಲೆಗೊಂದು ಮನೆ

“ಹಿಂಗ ಬೈದ್ರ ಯಾರು ನಂಬ್ತಾರವ್ವಾ? ಇನ್ನಾ ಜೋರ ಬಯ್ಯಿ. ಆಕಿ ತವರುಮನಿ ತನಕಾ ಹೋಗು!” ಎಂದು ಅನಸುಬಾಯಿ ಹಿರಿಸೊಸೆ ಸುಮಂಗಲಾಳನ್ನು ಗದರಿಸಿದಳು. ಬೈಯಲು ಬಾಯಿ ತೆರೆದ ಸುಮಂಗಲಾ, ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ನೆಗೆಣ್ಣಿ, ಕಿರಿಸೊಸೆ ಮೈತ್ರಿಯ ಮುಖ ನೋಡಿ ಕಿಸಕ್ಕನೆ ನಕ್ಕುಬಿಟ್ಟಳು. ಮೈತ್ರಿಗೂ ನಗು ತಡೆಯಲಾಗಲಿಲ್ಲ. ಮುದುಕಿಗೆ ಮೈಯೆಲ್ಲ ಉರಿದುಹೋಯಿತು. ಸರ್ವೆಯವನು ಆಗಲೇ ಪಕ್ಕದ ಓಣಿಗೆ ಬಂದಿದ್ದಾನೆ, ಇವರಿಗೆ ಚೆಲ್ಲಾಟ!

ಶಹಾಬಾದಿನ ಆ ಓಣಿಗಳನ್ನೆಲ್ಲ ಕೆಡವಿ, ಕೆಳಗೆ ಅಂಗಡಿ, ಮೇಲೆ ಮನೆ ಇರುವ ದೊಡ್ಡ ಕಟ್ಟಡ ಎಬ್ಬಿಸುವುದೆಂದು ತೀರ್ಮಾನವಾಗಿತ್ತು. ಒಂದು ಸಂಸಾರಕ್ಕೆ ಒಂದು ಮನೆ. ಆದರೆ ಸರ್ವೆಯವನು ಸಂಸಾರ ಎಷ್ಟೆಂದು ತಲೆ ನೋಡಿ ಎಣಿಸುತ್ತಿರಲಿಲ್ಲ, ಒಲೆ ನೋಡಿ ಎಣಿಸುತ್ತಿದ್ದ. ಹಿಂದಿನ ಮನೆಯ ಹಮೀದಾಬಿ, ಮೂವರು ಸೊಸೆಯರೂ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಾರೆಂದು ಹೆಮ್ಮೆಯಿಂದ ಹೇಳಿ, ಒಂದೇ ಮನೆ ಬರೆಸಿಕೊಂಡು, ಈಗ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಅದನ್ನು ಕಂಡೇ ಅನಸುಬಾಯಿ ಈ ನಾಟಕ ಹೂಡಿದ್ದು. ಇಬ್ಬರು ಮಕ್ಕಳಿಗೂ ಒಂದೊಂದು ಮನೆ ಅಂತ ಆಗಿಬಿಟ್ಟರೆ ತಾನು ನೆಮ್ಮದಿಯಿಂದ ಕಣ್ಣು ಮುಚ್ಚಬಹುದಲ್ಲ! ಗ್ಯಾಸ್ ಒಲೆ ಹಿರಿಯಳಿಗೆ, ಮೂಲೆಗೆ ಬಿದ್ದಿದ್ದ ಮಣ್ಣಿನ ಒಲೆ ಕಿರಿಯಳಿಗೆ. ಪಾತ್ರೆ-ಭಾಂಡೆ, ಹಾಸಿಗೆ, ಕಡೆಗೆ ಕೋಳಿಗಳನ್ನೂ ಬಿಡದೆ ಪಾಲು ಮಾಡಿದ್ದಳು. ಗಂಡಸರು ಇದ್ದರೆ ನಕ್ಕು ಕೆಡಿಸುತ್ತಾರೆಂದು ಮಕ್ಕಳಿಬ್ಬರನ್ನೂ ಬೆಳಿಗ್ಗೆಯೇ ಕೆಲಸಕ್ಕೆ ಓಡಿಸಿದ್ದಳು.

ಸರ್ವೆಯವನು ಬಂದ. ಚಿಕ್ಕ ಪ್ರಾಯದವನು, ಬಿಸಿಲಿಗೆ ಬೆಂದು ಬಂದಿದ್ದ.

“ಕುಂದ್ರಿ ಸಾಹೇಬ್ರ, ನೀರು ಕುಡೀರಿ. ಎರಡು ಒಲಿ ಅವ ನೋಡ್ರಿ. ಮಕ್ಕಳು ಬ್ಯಾರಿ ಆಗ್ಯಾರ. ಏನ್ ಮಾಡ್ಲಿ, ಸೊಸೆಂದಿರಿಗಿ ಒಬ್ಬರಿಗೊಬ್ಬರು ಆಗಿಬರಂಗಿಲ್ಲ” ಎಂದು ಅನಸುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಕೆಮ್ಮಿದಳು. ಕೆಮ್ಮಿದರೆ ಜಗಳ ಶುರು ಮಾಡಬೇಕೆಂಬ ಕರಾರಿತ್ತು.

“ನನ್ನ ಎಣ್ಣಿ ಡಬ್ಬಿ ಮುಟ್ಟಬ್ಯಾಡ ಅಂತ ಎಷ್ಟ್ ಸಲ ಹೇಳಬೇಕ? ನಿಮ್ಮಪ್ಪ ತಂದಿಟ್ಟಾನೇನು?” ಎಂದು ಸುಮಂಗಲಾ ಸಿಡಿದಳು.

“ಎಣ್ಣಿ ಹಾಳಾಗಿ ಹೋಗ್ಲಿ! ಈ ಮನಿಗಿ ಬಂದಾಗಿಂದ ನಿನ್ನ ಮುಸುರಿ ಭಾಂಡಿ ತಿಕ್ಕಿ ತಿಕ್ಕಿ ನನ್ನ ಕೈಯಾಗಿನ ಗೆರಿ ಸವದಾವ!” ಮೈತ್ರಿ ಎರಡೂ ಅಂಗೈ ಮುಂದೆ ಚಾಚಿದಳು.

ಎಣ್ಣೆ ಡಬ್ಬಿಯ ಮಾತು ಅನಸುಬಾಯಿ ಕಲಿಸಿದ್ದು. ಮುಸುರೆ ಭಾಂಡೆಯದು ಕಲಿಸಿದ್ದಲ್ಲ. ಸುಮಂಗಲಾಳ ಮುಖ ಕಪ್ಪಿಟ್ಟಿತು. ಮುದುಕಿಗೆ ಎದೆಯೊಳಗೆ ಏನೋ ಚುಚ್ಚಿದಂತಾದರೂ, ಇರಲಿ, ಸರ್ವೆಯವನು ನಂಬಿದನಲ್ಲ ಎಂದು ಸಮಾಧಾನ ಮಾಡಿಕೊಂಡಳು.

“ಸಾಕ್ರಿ, ಸಾಕ್ರಿ! ಎರಡು ಸಂಸಾರ ಬರ್ಕೊಂಡೀನಿ” ಎಂದು ಅವನು ಕೈಯೆತ್ತಿದ. ಅನಸುಬಾಯಿ ಉಸಿರು ಬಿಡುವಷ್ಟರಲ್ಲಿ ಅವನ ಪೆನ್ನು ಮತ್ತೆ ನಿಂತಿತು. “ಆಯೀ, ನೀವು ಯಾರ ಕಡಿ ಉಣ್ತೀರಿ? ನಿಮ್ಮ ಹೆಸರು ಒಂದೇ ಕಡಿ ಬರೀಬೇಕು.”

ಅಯ್ಯೋ ದೇವರೇ! ಎಲ್ಲ ಪಾಲು ಮಾಡಿದವಳು ತನ್ನನ್ನೇ ಮರೆತಿದ್ದಳು. ಅನಸುಬಾಯಿ ಸೊಸೆಯರ ಕಡೆ ನೋಡಿದಳು.

“ಮೈತ್ರಿ ಕಡಿ ಬರ್ಕೊಳ್ರಿ. ಆಕಿದು ಸಣ್ಣ ಕೂಸು. ನೋಡ್ಕೊಳ್ಳಾಕ ಅತ್ತಿ ಬೇಕಾಗ್ತಾರ” ಎಂದಳು ಸುಮಂಗಲಾ, ನೆಲ ನೋಡುತ್ತಾ.

“ಯಾಕಕ್ಕಾ, ಹಿರೇಮಗ ಇರೂ ಮುಂದ ನನ್ನ ಕಡಿ ಯಾಕ?” ಮೈತ್ರಿಯೂ ಮೆಲ್ಲಗೇ ಹೇಳಿದಳು. “ಮ್ಯಾಲಿನ ಮನಿ ಅಂದ್ರ ಒಂದೇ ಖೋಲಿ ಅಂತ. ನಾವು ಮಲಗೂದು ಎಲ್ಲಿ, ಅತ್ತಿ ಮಲಗೂದು ಎಲ್ಲಿ?”

“ನಮಗೂ ಒಂದೇ ಖೋಲಿ ಅಲ್ಲೇನ? ಬೆಳದ ಹುಡುಗಿ ಅದಾಳ ನನಗ.”

ಈ ಸಲ ಯಾರೂ ದನಿ ಏರಿಸಲಿಲ್ಲ. ತವರುಮನೆಯ ತನಕ ಯಾರೂ ಹೋಗಲಿಲ್ಲ. ಅನಸುಬಾಯಿ ಒಮ್ಮೆ ಕೆಮ್ಮಿ ನೋಡಿದಳು, ಅವಳ ಕೆಮ್ಮು ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ. ಮೊಣಕಾಲಿಗೆ ಕೈಕೊಟ್ಟು ಎದ್ದಳು.

“ಸಾಹೇಬ್ರ, ಇವರಿಗೇನು ಕೇಳ್ತೀರಿ? ನಂದು ಬ್ಯಾರೇನೇ ಒಲಿ ಅದ. ಬರ್ರಿ ತೋರಸ್ತೀನಿ.”

ಹಿತ್ತಲಿನಲ್ಲಿ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಮೂರು ತುಂಡು ಜೋಡಿಸಿಟ್ಟಿತ್ತು. ನಡುವೆ ತಣ್ಣಗಿನ ಬೂದಿ.

“ಇದು ಜಳಕದ ನೀರು ಕಾಸೂ ಒಲಿ ಅಲ್ಲೇನ್ರಿ, ಆಯೀ?”

“ನೀರು ಕಾಯೂ ಒಲಿ ಮ್ಯಾಲೆ ರೊಟ್ಟಿ ಬೇಯಂಗಿಲ್ಲೇನು? ಬರ್ಕೊಳ್ರಿ. ಅನಸುಬಾಯಿ, ಒಬ್ಬಾಕಿ.”

ಅವನು ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಮೂರನೆಯ ಸಂಸಾರವೆಂದು ಬರೆದುಕೊಂಡು ಹೋದ.

ಅವನು ಓಣಿ ದಾಟಿದ್ದೇ ತಡ, ಸೊಸೆಯರಿಬ್ಬರೂ ಚಪ್ಪಾಳೆ ತಟ್ಟಿ ಕುಣಿದಾಡಿದರು. “ಎರಡು ಕೇಳಿದ್ರ ಮೂರು ಮನಿ! ಭಾಳ ಹುಷಾರಿ ನಮ್ಮತ್ತಿ!” ಎಂದು ಸುಮಂಗಲಾ ಮೈತ್ರಿಯ ಭುಜ ಹಿಡಿದು ನಕ್ಕಳು. ಮಣ್ಣಿನ ಒಲೆ ಮತ್ತೆ ಮೂಲೆ ಸೇರಿತು. ಪಾಲಾಗಿದ್ದ ಭಾಂಡೆಗಳು ಒಂದೇ ಹಲಗೆಯ ಮೇಲೆ ಬಂದವು. ಗ್ಯಾಸಿನ ಮೇಲೆ ಬೇಳೆ ಕುದಿಯಿತು, ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

“ಅತ್ತೀ, ಬಿಸಿ ರೊಟ್ಟಿ ಆಗ್ಯಾವ, ಬರ್ರಿ” ಎಂದು ಮೈತ್ರಿ ಕೂಗಿದಳು.

ಹಿತ್ತಲಿನ ಮೂರು ಕಲ್ಲುಗಳ ನಡುವಿನಿಂದ ತೊಗರಿ ಕಟ್ಟಿಗೆಯ ಹೊಗೆ ಬರುತ್ತಿತ್ತು. ಅನಸುಬಾಯಿ ಒಂದು ತಾಟು ಹಿಡಿದು ಬಂದಳು. ಬಂದವಳು ಒಳಗೆ ಕಾಲಿಡಲಿಲ್ಲ, ಹೊಸ್ತಿಲ ಹೊರಗೇ ನಿಂತಳು.

“ಒಂದು ಬೊಗಸಿ ಜ್ವಾಳದ ಹಿಟ್ಟು ಕಡಾ ಕೊಡವ್ವಾ” ಎಂದಳು. “ನಾಳಿ ತಿರುಗಿ ಕೊಡ್ತೀನಿ.”